ಬಾಂಗು, ಜಕಾತು, ಮೊಹರಂ: ಇವೂ ಕನ್ನಡದ ಪದಗಳೇ

ಸಂಪಾದಕರಿಗೆ ನಮಸ್ಕಾರ.

ಕಳೆದ ಮೊಹರಂ ಹತ್ತನೇ ದಿನ ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ‘ನಾಡಿನ ಸಮಸ್ತ ಜನತೆಗೆ ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಚಂದ್ರ, ನಕ್ಷತ್ರ, ಹೂವಿನ ಗೊಂಚಲು. ನೋಡಿ ನನಗೆ ಸಂಕಟವಾಯಿತು. ಅದು ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಹತರಾದ ದಿನ. ಸಾವಾದ ಮನೆಗೆ ಬಂದು ಯಾರಾದರೂ ಶುಭಾಶಯ ಹೇಳುತ್ತಾರಾ?

ಅದಕ್ಕೆ ಒಂದು ತಿಂಗಳು ಮೊದಲು, ಬಕ್ರೀದ್ ಮರುದಿನ, ಈದ್ಗಾ ಮೈದಾನದಲ್ಲಿ ಸಾಲಾಗಿ ನಿಂತ ಜನರ ಫೋಟೊ ಹಾಕಿದ್ದಿರಿ. ಕೆಳಗೆ ಬರೆದಿದ್ದು ‘ದರ್ಗಾದಲ್ಲಿ ವಿಶೇಷ ಪೂಜೆ ಸಲ್ಲಿಸಿದ ಮುಸ್ಲಿಮರು’ ಅಂತ. ಒಂದೇ ಸಾಲಿನಲ್ಲಿ ಎರಡು ತಪ್ಪು. ಆಗಲೇ ಬರೆಯಬೇಕು ಅಂದುಕೊಂಡೆ, ಹೋಗಲಿ ಅಂತ ಬಿಟ್ಟೆ. ಈಗ ಬಿಡುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ನಾನು ಕೊಪ್ಪಳ ಜಿಲ್ಲೆಯವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಆಡುವುದು ದಖನಿ ಉರ್ದು, ಅನ್ನ ಕೊಟ್ಟದ್ದು ಕನ್ನಡ. ಹುಟ್ಟಿದಾಗಿನಿಂದ ಎರಡೂ ಒಟ್ಟಿಗೇ ಇವೆ, ಹಾಗಾಗಿ ಒಂದು ಇನ್ನೊಂದನ್ನು ತಪ್ಪಾಗಿ ಬರೆದಾಗ ನನಗೆ ನೋವಾಗುತ್ತದೆ. ವರದಿಗಾರರೊಬ್ಬರು ತೇರನ್ನು ಪಲ್ಲಕ್ಕಿ ಅಂತ ಬರೆದರೆ ನಿಮ್ಮ ಕಚೇರಿಯಲ್ಲಿ ಯಾರಾದರೂ ತಕ್ಷಣ ತಿದ್ದುತ್ತಾರೆ ಅಲ್ವಾ? ಈದ್ಗಾವನ್ನೋ ಮಸೀದಿಯನ್ನೋ ದರ್ಗಾ ಅಂತ ಬರೆದಾಗಲೂ ಹಾಗೇ ತಿದ್ದಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಮೊದಲು ಆ ಫೋಟೊದ ವಿಷಯ ಹೇಳಿಬಿಡುತ್ತೇನೆ. ಮಸೀದಿ ಅಂದರೆ ಸಜ್ದಾ ಮಾಡುವ ಜಾಗ, ಹಣೆಯನ್ನು ನೆಲಕ್ಕೆ ಇಟ್ಟು ದೇವರಿಗೆ ತಲೆಬಾಗುವ ಜಾಗ. ಆ ಪದ ಹುಟ್ಟಿದ್ದೇ ಅಲ್ಲಿಂದ. ಅಲ್ಲಿ ವಿಗ್ರಹ ಇಲ್ಲ, ಗೋರಿಗೆ ನಡೆದುಕೊಳ್ಳುವುದಿಲ್ಲ, ಪೂಜೆಯೂ ಇಲ್ಲ. ಅಲ್ಲಿ ಮಾಡುವುದಕ್ಕೆ ನಮಾಜು ಎಂಬ ಒಳ್ಳೆಯ ಪದ ಕನ್ನಡದಲ್ಲಿ ಆಗಲೇ ಇದೆ, ಅದನ್ನೇ ಬರೆಯಿರಿ. ದರ್ಗಾ ಅಂದರೆ ಸೂಫಿ ಸಂತರ ಗೋರಿ ಇರುವ ಜಾಗ, ಕಲಬುರಗಿಯ ಖ್ವಾಜಾ ಬಂದೇ ನವಾಜರ ದರ್ಗಾ ಇದೆಯಲ್ಲ, ಹಾಗೆ. ಅವರು ತೀರಿಕೊಂಡಿದ್ದು 1422ರಲ್ಲಿ. ಪ್ರತಿ ವರ್ಷ ಅಲ್ಲಿ ಉರುಸು ಆಗುತ್ತದೆ. ಉರುಸು ಅಂದರೆ ಅರಬ್ಬಿಯಲ್ಲಿ ಮದುವೆ. ಸಂತನ ಸಾವನ್ನು ಅವನು ದೇವರನ್ನು ಸೇರಿದ ದಿನ ಎಂದು ನೋಡುವುದರಿಂದ ಆ ಹೆಸರು. ಇಷ್ಟು ಚೆಂದದ ಪದವನ್ನು ‘ದರ್ಗಾ ಜಾತ್ರೆ’ ಅಂತ ಬರೆದು ಸುಮ್ನೆ ಸವೆಸಿಬಿಡುತ್ತೇವೆ. ಇನ್ನು ಈದ್ಗಾ ಅಂದರೆ ಎರಡು ಈದ್ ಹಬ್ಬಗಳ ದಿನ ಊರಿನವರೆಲ್ಲ ಒಟ್ಟಿಗೆ ನಮಾಜು ಮಾಡುವ ಬಯಲು. ನೀವು ಹಾಕಿದ ಫೋಟೊ ಅಲ್ಲಿಯದು.

ಬಾಂಗಿನ, ಅಂದರೆ ನಮಾಜಿಗೆ ಕರೆಯುವ ಕೂಗಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅದು ದಿನಕ್ಕೆ ಐದು ಸಲ ಎಲ್ಲರ ಕಿವಿಗೂ ಬೀಳುತ್ತದೆ, ಆದರೂ ಏನು ಹೇಳುತ್ತದೆ ಅಂತ ಗೊತ್ತಿರುವವರು ಬಹಳ ಕಡಿಮೆ. ಒಂದು ಸಲ ಒಂಬತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಮಧ್ಯಾಹ್ನದ ಬಾಂಗು ಕೇಳಿಸಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅಕ್ಕೋರ, ಅಕ್ಬರ ಬಾದಶಾ ಸತ್ತು ಇಷ್ಟ ವರ್ಷ ಆತು, ಇನ್ನೂ ಯಾಕ ಅವನ ಹೆಸರು ಕೂಗ್ತಾರ್ರಿ?” ಅಂತ ಕೇಳಿದ. ತುಂಟತನದ ಪ್ರಶ್ನೆ ಆಗಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇತಿಹಾಸದ ಪಾಠದಲ್ಲಿ ಅಕ್ಬರ ಇದ್ದ, ಬಾಂಗಿನಲ್ಲೂ ಅಕ್ಬರ್ ಎಂದು ಕೇಳಿಸಿತು, ಎರಡನ್ನೂ ಕೂಡಿಸಿದ. ಅವನ ಪ್ರಶ್ನೆಗಿಂತ ನನಗೆ ಹೆಚ್ಚು ಬೇಸರವಾಗಿದ್ದು ಸಂಜೆ ಶಿಕ್ಷಕರ ಕೊಠಡಿಯಲ್ಲಿ. ಪದವಿ ಮಾಡಿದ ಇಬ್ಬರು ಸಹೋದ್ಯೋಗಿಗಳು, “ಹೌದಲ್ಲ ಮೇಡಂ, ನಾವೂ ಹಂಗ ಅನ್ಕೊಂಡಿದ್ವಿ” ಅಂದರು.

ಅಕ್ಬರ್ ಅಂದರೆ ಎಲ್ಲಕ್ಕಿಂತ ದೊಡ್ಡದು. ಅಲ್ಲಾಹು ಅಕ್ಬರ್ ಅಂದರೆ ದೇವರು ಎಲ್ಲಕ್ಕಿಂತ ದೊಡ್ಡವನು. ಮೊಘಲ್ ಬಾದಶಹ ಹುಟ್ಟಿದ್ದು 1542ರಲ್ಲಿ. ಬಾಂಗು ಶುರುವಾಗಿದ್ದು ಪ್ರವಾದಿಯವರು 622ರಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಬಂದ ಮೇಲೆ, ಅಂದರೆ ಆ ಬಾದಶಹನಿಗಿಂತ ಒಂಬೈನೂರು ವರ್ಷ ಮೊದಲು. ಮೊದಲ ಬಾಂಗು ಕೊಟ್ಟವರು ಬಿಲಾಲ್. ಆಫ್ರಿಕಾದ ಅಬಿಸೀನಿಯಾ ಮೂಲದ ಕಪ್ಪು ಮನುಷ್ಯ, ಗುಲಾಮನಾಗಿದ್ದು ಬಿಡುಗಡೆ ಪಡೆದವರು. ಅರಬ್ಬರಲ್ಲಿ ದೊಡ್ಡ ದೊಡ್ಡ ಮನೆತನದವರು ಎಷ್ಟೋ ಜನ ಇದ್ದರು. ಎಲ್ಲರನ್ನೂ ಪ್ರಾರ್ಥನೆಗೆ ಕರೆಯುವ ಕೆಲಸ ಸಿಕ್ಕಿದ್ದು ಬಿಲಾಲರಿಗೆ. ನನಗೆ ಈ ಮಾತನ್ನು ಮಕ್ಕಳಿಗೆ ಹೇಳುವಾಗಲೆಲ್ಲ ಗಂಟಲು ತುಂಬಿ ಬರುತ್ತಿತ್ತು.

ಇಡೀ ಬಾಂಗಿನ ಅರ್ಥ ಹೀಗೆ: ದೇವರು ಎಲ್ಲಕ್ಕಿಂತ ದೊಡ್ಡವನು (ನಾಲ್ಕು ಸಲ). ಆ ಒಬ್ಬನನ್ನು ಬಿಟ್ಟು ಬೇರೆ ಆರಾಧ್ಯರಿಲ್ಲ ಎಂದು ಸಾಕ್ಷಿ ಹೇಳುತ್ತೇನೆ (ಎರಡು ಸಲ). ಮುಹಮ್ಮದರು ದೇವರ ದೂತರು ಎಂದು ಸಾಕ್ಷಿ ಹೇಳುತ್ತೇನೆ (ಎರಡು ಸಲ). ನಮಾಜಿಗೆ ಬನ್ನಿ (ಎರಡು ಸಲ). ಒಳಿತಿನ ಕಡೆಗೆ ಬನ್ನಿ (ಎರಡು ಸಲ). ಕೊನೆಗೆ ಮತ್ತೆ ದೇವರು ದೊಡ್ಡವನು ಎರಡು ಸಲ, ಅವನ ಹೊರತು ಆರಾಧ್ಯರಿಲ್ಲ ಒಂದು ಸಲ. ಬೆಳಗಿನ ಜಾವದ ಬಾಂಗಿನಲ್ಲಿ ಮಾತ್ರ ‘ನಿದ್ದೆಗಿಂತ ನಮಾಜು ಮೇಲು’ ಎಂಬ ಸಾಲು ಸೇರುತ್ತದೆ. ಮುಗಿಯಿತು. ಇದರಲ್ಲಿ ಯಾರ ಮೇಲೂ ಯುದ್ಧವಿಲ್ಲ, ಯಾರಿಗೂ ಬೈಗುಳವಿಲ್ಲ. ಅಲ್ಲಾಹ್ ಅನ್ನುವುದು ಮುಸ್ಲಿಮರಿಗೆ ಮಾತ್ರ ಸೇರಿದ ಒಬ್ಬ ಬೇರೆ ದೇವರ ಹೆಸರು ಎಂದು ಕೆಲವರು ತಿಳಿದಿದ್ದಾರೆ. ಅರಬ್ ದೇಶಗಳ ಕ್ರೈಸ್ತರು ತಮ್ಮ ಬೈಬಲ್ಲಿನಲ್ಲೂ ದೇವರಿಗೆ ಅಲ್ಲಾಹ್ ಅಂತಲೇ ಹೇಳುತ್ತಾರೆ.

ಪಡುವಣಕ್ಕೆ ಮುಖ ಮಾಡಿ ನಮಾಜು ಮಾಡುವುದರ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ, ಮುಳುಗುವ ಸೂರ್ಯನಿಗೆ ನಮಸ್ಕಾರ ಅಂತ. ದಿಕ್ಕು ನೋಡುವುದು ಮಕ್ಕಾದ ಕಾಬಾ ಕಡೆಗೆ. ನಮಗೆ ಅದು ಪಡುವಣ, ತುಸು ಉತ್ತರಕ್ಕೆ ವಾಲಿ. ಟರ್ಕಿಯವರಿಗೆ ಅದೇ ತೆಂಕಣ, ತಾಂಜಾನಿಯಾದವರಿಗೆ ಬಡಗಣ.

ಹಬ್ಬದ ದಿನಾಂಕದ ಬಗ್ಗೆ ನಿಮ್ಮಲ್ಲಿ ಪ್ರತಿ ವರ್ಷ ಒಂದು ಸುದ್ದಿ ಬರುತ್ತದೆ, ‘ಈ ಬಾರಿ ರಂಜಾನ್ ಬೇಗ’ ಅಂತ. ಈ ಬಾರಿ ಮಾತ್ರವಲ್ಲ, ಪ್ರತಿ ಸಲವೂ ಅದು ಹತ್ತು ಹನ್ನೊಂದು ದಿನ ಬೇಗನೇ ಬರುತ್ತದೆ. ಯುಗಾದಿ ಪಂಚಾಂಗ ಇಟ್ಟುಕೊಂಡು ಬೆಳೆದ ಕನ್ನಡಿಗರಿಗೆ ಇದನ್ನು ತಿಳಿಸುವುದು ಬಹಳ ಸುಲಭ, ಆದರೆ ಯಾರೂ ಹಾಗೆ ತಿಳಿಸಿದ್ದನ್ನು ನಾನು ಓದಿಲ್ಲ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಮುಸ್ಲಿಮರ ಹಿಜರಿ ವರ್ಷಕ್ಕೂ ಅಷ್ಟೇ. ನಮ್ಮ ನಾಡಿನ ಪಂಚಾಂಗದವರು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸೂರ್ಯನ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತಾರೆ. ಹಿಜರಿಯಲ್ಲಿ ಅಧಿಕ ಮಾಸ ಇಲ್ಲ. ಅದಕ್ಕೇ ರಂಜಾನ್ ಒಂದು ಕಾಲಕ್ಕೆ ಕಟ್ಟುಬೀಳದೆ ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಶುರುವಾಗುತ್ತದೆ. ನಾನು ಚಿಕ್ಕವಳಿದ್ದಾಗ ಚಳಿಯಲ್ಲಿ ಹಿಡಿದ ರೋಜಾವನ್ನು, ಅಂದರೆ ಉಪವಾಸವನ್ನು, ಕೆಲಸಕ್ಕೆ ಸೇರಿದ ಮೇಲೆ ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಹಿಡಿದಿದ್ದೇನೆ. ಇನ್ನೊಂದು ವಿಷಯ, ಹಿಜರಿಯಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಗುರುವಾರ ಸಂಜೆ ಕತ್ತಲಾದರೆ ನಮಗೆ ಅದು ಜುಮ್ಮೆಯ, ಅಂದರೆ ಶುಕ್ರವಾರದ ರಾತ್ರಿ. ಇದು ಗೊತ್ತಿಲ್ಲದೆ ಎಷ್ಟೋ ಸಲ ನೀವು ಜಾಗರಣೆ ಮಾಡಿ ಪ್ರಾರ್ಥಿಸುವ ಶಬೇ ಬರಾತ್ ರಾತ್ರಿಯ ಸುದ್ದಿಯನ್ನು ಒಂದು ದಿನ ತಡವಾಗಿ ಪ್ರಕಟಿಸಿದ್ದೀರಿ.

ಈಗ ಮೊಹರಂ. ಇದು ಹಿಜರಿಯ ಮೊದಲ ತಿಂಗಳ ಹೆಸರು. ಆ ತಿಂಗಳ ಹತ್ತನೇ ದಿನ, 680ರಲ್ಲಿ, ಇರಾಕಿನ ಕರ್ಬಲಾ ಬಯಲಿನಲ್ಲಿ ಆಗಿನ ದೊರೆ ಯಜೀದನ ಸೈನ್ಯ ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಿದ್ದವರನ್ನೂ ಕೊಂದಿತು. ನದಿ ಹತ್ತಿರವೇ ಇದ್ದರೂ ನೀರು ಕೊಡಲಿಲ್ಲ. ಇವತ್ತಿಗೂ ಆ ದಿನ ರಸ್ತೆಯಲ್ಲಿ ಹೋಗುವವರಿಗೆಲ್ಲ ಶರಬತ್ತು, ನೀರು ಹಂಚುವುದು ಆ ಬಾಯಾರಿಕೆಯ ನೆನಪಿಗೆ.

ನೀವು ಕೇಳಬಹುದು, ನಿಮ್ಮ ಕಡೆಯವರೇ ಮೊಹರಂ ಹಬ್ಬ ಅಂತಾರಲ್ಲ, ಹುಲಿವೇಷ ಹಾಕ್ತಾರಲ್ಲ, ಚೊಂಗೆ ಮಾಡಿ ತಿಂತಾರಲ್ಲ ಅಂತ. ಹೌದು, ಮಾಡುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಆ ದಿನ ಒಮ್ಮೆ ಬಂದು ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲಿ ಕೂಡ ಬೆಂಕಿ ಹಾಕುವ ಅಲಾಯಿ ಕುಣಿ ತೋಡಿ, ಹಸ್ತದ ಆಕಾರದ ಪಂಜಾ ಕೂರಿಸಿ, ಹತ್ಯೆಯ ನೆನಪಿನ ಕತಲ್ ರಾತ್ರಿ ಜಾಗರಣೆ ಮಾಡುವ ಲಿಂಗಾಯತರು, ಕುರುಬರು, ನಾಯಕರು ಇದ್ದಾರೆ. ಹರಕೆ ಹೊತ್ತು ಫಕೀರರಾಗುತ್ತಾರೆ. ಮಕ್ಕಳಿಗೆ ಹುಸೇನಪ್ಪ, ಫಕೀರಪ್ಪ ಅಂತ ಹೆಸರಿಡುತ್ತಾರೆ. ಮೌಲ್ವಿಗಳಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ, ಪಂಜಾ ಕೂರಿಸುವುದು ಇಸ್ಲಾಮಿನಲ್ಲಿ ಇಲ್ಲ ಎನ್ನುತ್ತಾರೆ. ಅದು ಅವರ ಮಾತು, ಅದಕ್ಕೂ ನಿಮ್ಮ ಪತ್ರಿಕೆಯಲ್ಲಿ ಜಾಗ ಇರಲಿ. ನಾನು ಹೇಳುವುದು ಬೇರೆ. ಆ ಜನ ರಾತ್ರಿಯಿಡೀ ಹೆಜ್ಜೆ ಹಾಕುತ್ತಾ ಹಾಡುವ ರಿವಾಯತ್ ಪದಗಳನ್ನು ಕೂತು ಕೇಳಿ. ಅಪ್ಪಟ ಕನ್ನಡ. ಒಳಗೆಲ್ಲ ಕರ್ಬಲಾದ ನೀರಡಿಕೆ, ತಾಯಂದಿರ ಅಳು, ಹುಸೇನರ ಕಡೆಯ ಮಾತು. ಹಾಡುತ್ತಾ ಹಾಡುತ್ತಾ ಕಣ್ಣೀರು ಹಾಕುವ ಮುದುಕರನ್ನು ನಾನು ನೋಡಿದ್ದೇನೆ. ಕೊನೆಯ ದಿನ ಪಂಜಾ ದೇವರು ಹೊಳೆಗೆ ಹೋಗುವಾಗ ಊರಿಗೆ ಊರೇ ಸಪ್ಪಗಾಗುತ್ತದೆ. ಇದನ್ನು ಹಬ್ಬ ಅಂತ ಕರೆದರೂ ಆ ಜನರಿಗೆ ಅದು ದುಃಖದ್ದು ಎಂದು ಗೊತ್ತು. ಪತ್ರಿಕೆಗೆ ಮಾತ್ರ ಗೊತ್ತಿಲ್ಲ ಅಂದರೆ ಹೇಗೆ?

ಜಕಾತು ಪದದ ಕಥೆ ಕೇಳಿ. ನಮ್ಮ ಹಿರಿಯರಿಗೆ ಜಕಾತಿ ಅಂದರೆ ಊರ ಬಾಗಿಲಲ್ಲಿ ಸರಕಿನ ಗಾಡಿ ನಿಲ್ಲಿಸಿ ವಸೂಲಿ ಮಾಡುವ ಸುಂಕ. ಪದ ಅದೇ, ಅರ್ಥ ಬಹಳ ದೂರ ಬಂದಿದೆ. ಇಸ್ಲಾಮಿನಲ್ಲಿ ಜಕಾತು ಅಂದರೆ ಉಳಿತಾಯದಲ್ಲಿ ಬಡವರಿಗೆ ಸೇರಬೇಕಾದ ಪಾಲು. ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿ, ಅಥವಾ ಅಷ್ಟು ಬೆಲೆಯ ಹಣ ಒಂದು ಹಿಜರಿ ವರ್ಷ ಕೈಯಲ್ಲಿ ಉಳಿದರೆ ನೂರಕ್ಕೆ ಎರಡೂವರೆ ರೂಪಾಯಿ ಕೊಡಲೇಬೇಕು. ಹೆತ್ತವರಿಗೋ ಮಕ್ಕಳಿಗೋ ಕೊಟ್ಟು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಅವರನ್ನು ಸಾಕುವುದು ಹೇಗಿದ್ದರೂ ಕರ್ತವ್ಯ. ರೈತರಿಗೆ ಬೇರೆ ಲೆಕ್ಕ ಇದೆ, ಅದನ್ನು ಉಶ್ರ್ ಅಂತಾರೆ. ಮಳೆ ನೀರಿನಲ್ಲೇ ಬೆಳೆದ ಬೆಳೆಯಲ್ಲಿ ಹತ್ತನೇ ಒಂದು ಪಾಲು. ಖರ್ಚು ಮಾಡಿ, ಬೆವರು ಸುರಿಸಿ ನೀರು ಹಾಯಿಸಿದ ಬೆಳೆಯಲ್ಲಿ ಇಪ್ಪತ್ತನೇ ಒಂದು. ಖುಷ್ಕಿ (ಮಳೆ ನಂಬಿದ್ದು), ತರಿ (ನೀರಾವರಿ) ಅಂತ ಜಮೀನನ್ನು ಗುರುತಿಸುವ ನಮ್ಮ ರೈತರಿಗೆ ಈ ಲೆಕ್ಕ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಇದನ್ನು ‘ಭಿಕ್ಷೆ’ ಅಂತ ನಿಮ್ಮ ವರದಿಯೊಂದರಲ್ಲಿ ಓದಿದೆ. ಮನಸ್ಸಿಗೆ ಬಂದು ಕೊಡುವ ದಾನಕ್ಕೆ ಸದಕಾ, ಖೈರಾತು ಎಂಬ ಬೇರೆ ಪದಗಳಿವೆ. ಜಕಾತು ಪಡೆಯುವ ಬಡವ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ, ಅದು ಅವನ ಹಕ್ಕು.

ಜಿಹಾದ್ ಪದ ಬರೆಯಲು ನನಗೂ ಕೈ ನಡುಗುತ್ತದೆ. ಇವತ್ತು ಅದನ್ನು ಪ್ರೇಮಕ್ಕೆ, ಜಮೀನಿಗೆ, ವ್ಯಾಪಾರಕ್ಕೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಅಂಟಿಸಿ ತಲೆಬರಹ ಮಾಡುತ್ತಾರೆ. ಮೂಲ ಅರ್ಥ ಶಕ್ತಿ ಮೀರಿ ಪ್ರಯತ್ನಿಸುವುದು, ಹೆಣಗುವುದು. ಯುದ್ಧದ ಅರ್ಥ ಅದಕ್ಕೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಆ ಪದ ಹೇಳಿಕೊಂಡೇ ಅಮಾಯಕರನ್ನು ಕೊಂದವರೂ ಇದ್ದಾರೆ, ಅವರಿಂದ ನಮಗಾದಷ್ಟು ಕೇಡು ಬೇರೆ ಯಾರಿಂದಲೂ ಆಗಿಲ್ಲ. ಆದರೆ ತನ್ನ ಮನಸ್ಸಿನ ವಿರುದ್ಧ ಹೋರಾಡುವವನೇ ಮುಜಾಹಿದ್, ಅಂದರೆ ಜಿಹಾದ್ ಮಾಡುವವನು ಎಂದೂ, ಕ್ರೂರ ದೊರೆಯ ಮುಂದೆ ನ್ಯಾಯದ ಮಾತಾಡುವುದು ಜಿಹಾದಿನಲ್ಲೆಲ್ಲ ಮೇಲಿನದು ಎಂದೂ ಪ್ರವಾದಿಯವರ ಮಾತುಗಳಿವೆ. ಕುರಾನಿನ 31ನೇ ಅಧ್ಯಾಯ ಲುಕ್ಮಾನ್‌ನಲ್ಲಿ ಇದೇ ಧಾತುವಿನ ಪದ ಒಂದು ಕಡೆ ಬರುತ್ತದೆ. ಅಲ್ಲಿ ಅದನ್ನು ಬಳಸಿರುವುದು ತಂದೆ ತಾಯಿಗೆ! ಬೇರೆ ದೇವರನ್ನು ನಂಬು ಎಂದು ಹೆತ್ತವರು ನಿನ್ನ ಮೇಲೆ ಒತ್ತಡ ಹಾಕಿದರೆ ಆ ಮಾತು ಕೇಳಬೇಡ, ಆದರೂ ಅವರ ಜೊತೆ ಚೆನ್ನಾಗಿ ಬಾಳು ಎಂದು ಹೇಳುತ್ತದೆ. ಈ ಪದವನ್ನು ತಲೆಬರಹಕ್ಕೆ ಹಾಕುವ ಮೊದಲು ಡೆಸ್ಕಿನಲ್ಲಿ ಕೂತವರು ಒಂದು ನಿಮಿಷ ಯೋಚಿಸಲಿ, ನಾವು ಬರೆಯುತ್ತಿರುವ ಸುದ್ದಿಗೂ ಇದಕ್ಕೂ ನಿಜವಾಗಿ ಸಂಬಂಧ ಇದೆಯಾ ಅಂತ.

ಫತ್ವಾ ಕೂಡ ಹಾಗೆಯೇ. ‘ಫತ್ವಾ ಹೊರಡಿಸಿದ’ ಅಂದರೆ ಕೊಲೆ ಮಾಡಲು ಆಜ್ಞೆ ಕೊಟ್ಟ ಎನ್ನುವ ಹಾಗೆ ಆಗಿಬಿಟ್ಟಿದೆ. ಯಾರಾದರೂ ಬಂದು ಪ್ರಶ್ನೆ ಕೇಳಿದಾಗ ಧರ್ಮಶಾಸ್ತ್ರ ಬಲ್ಲ ಮುಫ್ತಿ ಕೊಡುವ ಅಭಿಪ್ರಾಯ ಅದು. ಬ್ಯಾಂಕಿನ ಬಡ್ಡಿ ಏನು ಮಾಡಬೇಕು, ಸಕ್ಕರೆ ಕಾಯಿಲೆ ಇದ್ದರೆ ರೋಜಾ ಬಿಡಬಹುದಾ, ಇಂಥವೇ ಜಾಸ್ತಿ. ಅದನ್ನು ಪಾಲಿಸಲೇಬೇಕು ಎಂಬ ಕಾನೂನಿನ ಬಲ ಅದಕ್ಕಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹಲಾಲ್ ಬರೀ ಮಾಂಸದ ಅಂಗಡಿಯ ಬೋರ್ಡಿಗೆ ಸೇರಿದ ಪದ ಎಂದೂ ತಿಳಿಯಬೇಡಿ. ಸಲ್ಲುವುದೆಲ್ಲ ಹಲಾಲ್, ಸಲ್ಲದ್ದೆಲ್ಲ ಹರಾಮ್. ನಿಯಮದಂತೆ ಕೊಯ್ದ ಕುರಿಯನ್ನೇ ಲಂಚದ ದುಡ್ಡಿನಿಂದ ತಂದರೆ ಅದು ಹಲಾಲ್ ಊಟ ಆಗುವುದಿಲ್ಲ. ನಮ್ಮ ಅಬ್ಬಾ ಪ್ರತಿ ತಿಂಗಳು ಪಗಾರ ತಂದು ಅಮ್ಮನ ಕೈಗೆ ಕೊಡುವಾಗ “ಹಲಾಲಿನ ಗಳಿಕೆ, ಲೆಕ್ಕ ಇಟ್ಟು ಖರ್ಚು ಮಾಡು” ಎನ್ನುತ್ತಿದ್ದರು. ನನಗೆ ಆ ಪದದ ಅರ್ಥ ತಿಳಿದದ್ದು ಹಾಗೆ. ಮಹರ್ ಅನ್ನು ವರದಕ್ಷಿಣೆಯ ಇನ್ನೊಂದು ಹೆಸರು ಎಂದು ಬರೆಯುತ್ತೀರಿ. ಅದು ಗಂಡು ಹೆಣ್ಣಿಗೆ ಕೊಡಬೇಕಾದದ್ದು, ಅವಳ ಸ್ವಂತದ್ದು, ಅವಳ ಅಪ್ಪನಿಗೂ ಅದರ ಮೇಲೆ ಹಕ್ಕಿಲ್ಲ. ನಮ್ಮವರಲ್ಲೇ ಎಷ್ಟೋ ಜನ ಮಹರ್ ಬಾಕಿ ಇಟ್ಟು ವರದಕ್ಷಿಣೆ ಎಣಿಸಿಕೊಳ್ಳುತ್ತಾರೆ, ಅದು ನಾಚಿಕೆಗೇಡು. ಬೇಕಿದ್ದರೆ ಅದರ ಬಗ್ಗೆ ಒಂದು ಇಡೀ ಪುಟ ಬರೆಯಿರಿ, ಸರಿಯಾದ ಪದ ಹಾಕಿ ಬರೆಯಿರಿ. ಹಾಗೆಯೇ ಗಡ್ಡ ಬಿಟ್ಟವರೆಲ್ಲ ಮೌಲ್ವಿಗಳಲ್ಲ. ಬಾಂಗು ಕೊಡುವವರು ಮುಅಜ್ಜಿನ್, ಮುಂದೆ ನಿಂತು ನಮಾಜು ನಡೆಸುವವರು ಇಮಾಮ್, ಕುರಾನಿನ 114 ಅಧ್ಯಾಯಗಳನ್ನೂ ಬಾಯಿಪಾಠ ಮಾಡಿದವರು ಹಾಫಿಜ್.

ತಪ್ಪು ಪತ್ರಿಕೆಯದ್ದು ಮಾತ್ರ ಅಂತ ನಾನು ಹೇಳುತ್ತಿಲ್ಲ. ನಾವೂ ಈ ಪದಗಳನ್ನು ಕನ್ನಡದಲ್ಲಿ ಹೇಳಲಿಲ್ಲ. ಪಕ್ಕದ ಮನೆಯವರಿಗೆ ಈದಿನ ದಿನ ಶೀರ್ ಖುರ್ಮಾ ಕೊಟ್ಟೆವು, ಆ ಹಬ್ಬ ಯಾಕೆ ಅಂತ ಕೂತು ಮಾತಾಡಲಿಲ್ಲ. ಎಷ್ಟೋ ಮಕ್ಕಳು ಕುರಾನನ್ನು ಅರಬ್ಬಿಯಲ್ಲಿ ಗಡಗಡ ಓದುತ್ತಾರೆ, ಒಂದು ಸಾಲಿನ ಅರ್ಥ ಕೇಳಿದರೆ ಮುಖ ನೋಡುತ್ತಾರೆ. ನಾನೂ ಹಾಗೇ ಓದಿದವಳು, ಅರ್ಥ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಕನ್ನಡ ಅನುವಾದದಿಂದ. ಈಗ ಕೆಲವು ಮಸೀದಿಗಳಲ್ಲಿ ಶುಕ್ರವಾರದ ಬಯಾನ್, ಅಂದರೆ ಪ್ರವಚನ, ಕನ್ನಡದಲ್ಲೇ ಮಾಡುತ್ತಾರೆ. ಅದನ್ನು ಕೇಳಿದಾಗ ತುಂಬಾ ಸಂತೋಷವಾಗುತ್ತದೆ.

ಈ ಪದಗಳು ಪರದೇಶದವು, ಕನ್ನಡಿಗರಿಗೆ ಯಾಕೆ ಬೇಕು ಎನ್ನುವವರಿಗೆ ನಾನು ತರಗತಿಯಲ್ಲಿ ಒಂದು ಕೆಲಸ ಕೊಡುತ್ತಿದ್ದೆ. ನಿಮ್ಮ ಅಪ್ಪ ತಾಲ್ಲೂಕು ಕಚೇರಿಗೆ ಹೋಗಿ ಬಂದದ್ದನ್ನು ಬರೆದುಕೊಂಡು ಬನ್ನಿ ಅಂತ. ಬರೆದು ತರುತ್ತಿದ್ದರು: ರೈತ ಜಮೀನಿನ ದಾಖಲೆಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟ, ಬಾಕಿ ಕಟ್ಟಿದ, ವಕೀಲರನ್ನು ಕಂಡ, ಕಾನೂನು ಕೇಳಿದ, ತಾರೀಖು ಸಿಕ್ಕಿತು. ಇದರಲ್ಲಿ ಅರಬ್ಬಿ, ಫಾರಸಿಯಿಂದ ಬಂದ ಪದಗಳನ್ನು ತೆಗೆದುಹಾಕಿ ಮತ್ತೆ ಓದಿ ಅಂದರೆ ಮಕ್ಕಳಿಗೆ ಓದಲು ಏನೂ ಉಳಿಯುತ್ತಿರಲಿಲ್ಲ. ಆಗ ಹೇಳುತ್ತಿದ್ದೆ, ನೀವೆಲ್ಲ ದಿನಾ ಆಡುವ ‘ಹಕ್ಕು’ ಕೂಡ ಅರಬ್ಬಿಯದೇ, ಅಲ್ಲಿ ಅದು ಹಕ್, ಅಂದರೆ ಸತ್ಯ, ನ್ಯಾಯ. ಅಲ್ಲಾಹನ ತೊಂಬತ್ತೊಂಬತ್ತು ಹೆಸರುಗಳಲ್ಲಿ ಅಲ್ ಹಕ್ ಎಂಬುದೂ ಒಂದು.

ಈ ಕಾಗದದ ಜೊತೆ ನಾಲ್ಕು ಹಾಳೆ ಇಟ್ಟಿದ್ದೇನೆ. ಸುದ್ದಿಯಲ್ಲಿ ಪದೇ ಪದೇ ಬರುವ ಅರವತ್ತು ಪದಗಳನ್ನು ಬರೆದು, ಪ್ರತಿಯೊಂದಕ್ಕೂ ಒಂದೊಂದು ಸಾಲಿನ ಅರ್ಥ ಕೊಟ್ಟಿದ್ದೇನೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು, ನಾವು ಒಳನಾಡಿನವರು ಹೆಚ್ಚಾಗಿ ಹನಫಿಗಳು, ಆದ್ದರಿಂದ ಆಚರಣೆಯಲ್ಲಿ ವ್ಯತ್ಯಾಸ ಬರುವ ಕಡೆ ಎರಡನ್ನೂ ಬರೆದಿದ್ದೇನೆ. ನನಗಿಂತ ಚೆನ್ನಾಗಿ ತಿಳಿದವರಿಗೆ ತೋರಿಸಿ, ತಪ್ಪಿದ್ದರೆ ತಿದ್ದಿ. ಸುದ್ದಿಮನೆಯಲ್ಲಿ ಉಪಸಂಪಾದಕರ ಕೈಗೆ ಸಿಗುವ ಹಾಗೆ ಎಲ್ಲಾದರೂ ಅಂಟಿಸಿಡಿ. ಕಾಗುಣಿತದಲ್ಲಿ ಒಂದೇ ರೀತಿ ಇರಲಿ, ಒಂದೇ ಪುಟದಲ್ಲಿ ಜಕಾತ್, ಝಕಾತ್, ಝಖಾತ್ ಬೇಡ. ಮುಂದಿನ ಮೊಹರಂ ಬರುವ ಹೊತ್ತಿಗೆ ಮುಖಪುಟದಲ್ಲಿ ಏನು ಹಾಕಬೇಕು ಅಂತ ನಿಮಗೆ ತೋಚದಿದ್ದರೆ ಯಾವುದಾದರೂ ಹಳ್ಳಿಯ ರಿವಾಯತ್ ಪದದ ನಾಲ್ಕು ಸಾಲು ಹಾಕಿ, ಹಾಡುವವರ ಹೆಸರು, ಊರು ಬರೆಯಿರಿ. ನಮ್ಮ ಸುತ್ತಲಿನ ಊರುಗಳಲ್ಲಿ ಅಂಥವರು ಇನ್ನೂ ಇದ್ದಾರೆ, ವಯಸ್ಸಾಗಿದೆ, ಬೇಗ ಬನ್ನಿ. ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ
ನಿವೃತ್ತ ಕನ್ನಡ ಶಿಕ್ಷಕಿ, ಕೊಪ್ಪಳ ಜಿಲ್ಲೆ